ಹತ್ತನೆಯವನು ನಹೂಮ್

ನಮ್ಮ ಅರ್ಜೆಂಟೀನಾದ ಹುಲ್ಲುಗಾವಲಿನ ಊರಲ್ಲಿ ಬೇಕರಿಯ ನಹೂಮ್ ಸೀನಿದರೆ ಮೂರು ಹರದಾರಿಯಾಚೆಯ ಹಸುಗಳು ಎದ್ದು ನಿಲ್ಲುತ್ತಿದ್ದವು. ಅಂಥವನು ಮೆತ್ತಗೆ ಮಾತಾಡಿದ್ದು ಒಂದೇ ಸಲ.

ಅಂದು ಸಾಲೊಮೋನನ ತಾಯಿಯ ವರ್ಷದ ತಿಥಿಯ ಪ್ರಾರ್ಥನೆ. ಹತ್ತು ಯಹೂದಿ ಗಂಡಸರಿಲ್ಲದೆ ಅದನ್ನು ಹೇಳುವಂತಿಲ್ಲ. ಊರಲ್ಲಿ ಉಳಿದಿದ್ದವರೇ ನಾವು ಹತ್ತು ಮಂದಿ. ಮೊದಲು ಇಸ್ರೇಲಿನ ಸೈನ್ಯ ಗೆಲ್ಲಲೆಂದು ಬೇಡೋಣ ಎಂದು ಸಾಲೊಮೋನ್ ಆ ಪ್ರಾರ್ಥನೆ ಬರೆದ ಚೀಟಿಯನ್ನು ತೆಗೆದ.

"ನಿಮ್ಮಮ್ಮಂಗೆ ಆಮೆನ್ ಅಂತೀನಿ, ಯುದ್ಧಕ್ಕೆ ಅನ್ನಲ್ಲಪ್ಪ," ಎಂದ ನಹೂಮ್.

"ಹಂಗಾದ್ರೆ ನೀನು ಯಹೂದೀನೇ ಅಲ್ಲ ಬಿಡು."

"ಸರಿ ಕಣಯ್ಯ. ನನ್ನ ಬಿಟ್ಟು ಎಣಿಸು," ಎಂದ ನಹೂಮ್ ಮೆತ್ತಗೆ.

ದೃಷ್ಟಿ ತಾಗದಂತೆ ನಾವು ಎಣಿಸುವ ಕ್ರಮದಲ್ಲೇ ಸಾಲೊಮೋನ್ "ಒಂದಲ್ಲ, ಎರಡಲ್ಲ" ಎನ್ನುತ್ತಾ ಹೋಗಿ "ಒಂಬತ್ತಲ್ಲ"ಕ್ಕೆ ನಿಂತ. ತಾಯಿಗೆಂದು ಹಚ್ಚಿದ್ದ ದೀಪವನ್ನೇ ನೋಡಿದ.

"ಎಲ್ಲಿಗೂ ಹೋಗ್ಬೇಡ ಕತ್ತೆ, ನೀನೇ ಹತ್ತನೆಯವನು," ಎಂದು ಸೈನ್ಯದ ಚೀಟಿಯನ್ನು ಜೇಬಿಗಿಟ್ಟ.

ಆಮೇಲೆ ನಹೂಮ್ ಹೇಳಿದ ಆಮೆನ್‌ಗೆ ಆ ಹಸುಗಳೆಲ್ಲ ಮತ್ತೆ ಎದ್ದು ನಿಂತವು.