ಪೂರ್ತಿ ಒಣಗದ ಕಾಳು

ಚಮಚ ಮಾಡುವ ಕಾರ್ಖಾನೆಗೆ ಅವಳನ್ನು ಸೇರಿಸಿದ್ದು ಅವಳ ಭಾವ, ಅಕ್ಕನ ಗಂಡ. ಮೆಕ್ಕೆಜೋಳದ ಪಿಷ್ಟದಿಂದ ಬಂದ ಪ್ಲಾಸ್ಟಿಕ್ ಕಾಳುಗಳನ್ನು ಕರಗಿಸಿ ಅಚ್ಚಿಗೆ ಹೊಯ್ಯುವ ಮೆಷಿನ್ನಿನ ಕೆಲಸ ಅವನದು. ಕಿವಿಯಿಟ್ಟು ಕೇಳಿಯೇ ಮೆಷಿನ್ನಿನ ಕಾಯಿಲೆ ಹೇಳುತ್ತಿದ್ದನಾದ್ದರಿಂದ ಎಲ್ಲರ ಬಾಯಲ್ಲೂ ಅವನು ‘ಡಾಕ್ಟ್ರು’. ಅವಳದು ಕಾಳು ಒಣಗಿಸುವ ಕೆಲಸ.

"ಇದು ಹಳೇ ಪ್ಲಾಸ್ಟಿಕ್ ಥರ ಅಲ್ಲ, ಗಿಡದಿಂದ ಬಂದಿದ್ದು. ಗಾಳೀಲಿರೋ ನೀರನ್ನೂ ಕುಡಿದುಬಿಡುತ್ತೆ. ನಾಲ್ಕು ಗಂಟೆ ಬಿಸಿಗಾಳಿ ಕೊಡ್ಲೇಬೇಕು, ಇಲ್ದಿದ್ರೆ ಚಮಚ ಪಟ್ಟಂತ ಮುರಿಯುತ್ತೆ," ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದ.

"ಊಟ ಆದ್ಮೇಲೆ ಚಮಚಾನೂ ತಿನ್ಬಹುದಾ ಭಾವ?"

"ನಿಮ್ಮಕ್ಕನ ಅಡುಗೆಗಿಂತ ಮೆತ್ತಗಿದ್ರೆ ತಿನ್ಬಹುದು."

ಒಂದು ಮಧ್ಯಾಹ್ನ ಅವಳ ಮಗಳಿಗೆ ಜ್ವರವೆಂದು ಶಾಲೆಯಿಂದ ಫೋನು ಬಂತು. ಕಾಳು ಒಣಗಲು ಹಾಕಿ ಎರಡು ಗಂಟೆಯೂ ಆಗಿರಲಿಲ್ಲ. ಯಾರಿಗಾದರೂ ಒಪ್ಪಿಸಿ ಹೋಗುವಷ್ಟೂ ವ್ಯವಧಾನವಿಲ್ಲದೆ, ಇದ್ದದ್ದನ್ನೆಲ್ಲ ಮೆಷಿನ್ನಿಗೆ ಸುರಿದು, ಎಷ್ಟು ಹೊತ್ತು ಒಣಗಿಸಿದೆವೆಂದು ಬರೆದಿಡುವ ಚೀಟಿಯಲ್ಲಿ ‘ನಾಲ್ಕು ಗಂಟೆ’ ಎಂದು ಗೀಚಿ ಓಡಿದಳು.

ಚಮಚಗಳು ನೋಡಲು ಫಳಫಳ ಹೊಳೆಯುತ್ತಿದ್ದವು. ಆದರೆ ವಾರದೊಳಗೆ ಅಷ್ಟೂ ವಾಪಸು ಬಂದವು. ಬಾಯಿಗಿಟ್ಟರೆ ಪಟ್ಟನೆ ಮುರಿಯುತ್ತಿದ್ದವಂತೆ. ಮ್ಯಾನೇಜರು ಚೀಟಿ ತೆಗೆದು ನೋಡಿದ. ಎಲ್ಲ ಸರಿಯಿತ್ತು.

"ಶಾಖ ಜಾಸ್ತಿ ಕೊಟ್ಟಿದ್ದೀಯ ಡಾಕ್ಟ್ರೇ. ವಯಸ್ಸಾಯ್ತು ನಿಂಗೆ," ಎಂದ.

ಅವಳು ಅಲ್ಲೇ ನಿಂತಿದ್ದಳು. ನಾಳೆ ಹೇಳಿದರಾಯಿತು ಅಂದುಕೊಂಡಳು. ಮಾರನೆಯ ದಿನ ಅವನನ್ನು ಪ್ಯಾಕಿಂಗಿಗೆ ಹಾಕಿದ್ದರು. ಡಬ್ಬಿಗೆ ಟೇಪು ಅಂಟಿಸುತ್ತ ತಿಂಗಳೊಪ್ಪತ್ತು ಕಳೆದು, ತಾನಾಗಿಯೇ ಕೆಲಸ ಬಿಟ್ಟ. ಆಮೇಲೆ ಮನೆಯ ಮಿಕ್ಸಿ ಕೆಟ್ಟರೂ ಅವನು ಮುಟ್ಟುತ್ತಿರಲಿಲ್ಲ. "ರಿಪೇರಿಯವನನ್ನ ಕರೀ ಅಂತಾರೆ ಕಣೇ, ಸೋಮಾರಿ ಆಗ್ಬಿಟ್ಟಿದ್ದಾರೆ," ಎಂದು ಅಕ್ಕ ನಗುತ್ತ ಹೇಳುವಾಗ ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು.

ಮೂರು ವರ್ಷ ಹೀಗೇ ಸಾಗಿತು. ಕೊನೆಗೊಂದು ದಿನ, ಬಟ್ಟೆ ಅಂಗಡಿಯ ಬಾಗಿಲಲ್ಲಿ ಕೂತು ಗಿರಾಕಿಗಳ ಚೀಲಕ್ಕೆ ಟೋಕನ್ ಕೊಡುತ್ತಿದ್ದ ಭಾವನ ಮುಂದೆ ನಿಂತು ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು. ಅವನು ಕೈಲಿದ್ದ ಟೋಕನ್ ಕೆಳಗಿಟ್ಟ.

"ಹಾಗಾದ್ರೆ ನನ್ನ ಕೈ ಕೆಟ್ಟಿರ್ಲಿಲ್ಲ?"

"ಇಲ್ಲ ಭಾವ."

"ಅವತ್ತೇ ಹೇಳಿದ್ರೆ ನಾಲ್ಕು ಬೈದು ಸುಮ್ಮನಾಗ್ತಿದ್ದೆನಲ್ಲೇ. ನಾನೇ ಕೆಟ್ಟೆ ಅಂದ್ಕೊಂಡು ಇಷ್ಟು ದಿನ ಬದುಕ್ದೆ."

ಅವಳು ಮ್ಯಾನೇಜರಿಗೂ ಹೇಳಿದಳು. "ಆ ಮೆಷಿನ್ನೇ ಮಾರಿ ಆಯ್ತು, ಈಗ್ಯಾಕೆ ಅದೆಲ್ಲ?" ಎಂದು ಅವನು ಎದ್ದು ಹೋದ.

ಭಾವ ಅಕ್ಕನಿಗೆ ಏನೂ ಹೇಳಿಲ್ಲ. ಅವಳು ಅವರ ಮನೆಗೆ ಹೋದರೆ ಕುರ್ಚಿ ಎಳೆದು ಕೊಡುತ್ತಾನೆ, ಮಗಳ ಓದು ವಿಚಾರಿಸುತ್ತಾನೆ. ಆದರೆ ‘ಬಾರೇ’ ಅನ್ನುತ್ತಿದ್ದವನು ಈಗ ‘ಬನ್ನಿ’ ಅನ್ನುತ್ತಾನೆ.