ವಿಮಾನಕ್ಕೆ ಆರು ನಿಂಬೆಹಣ್ಣು

ಸೊಲಿಹಲ್‌ನ ನಮ್ಮ ಮನೆಯ ಅಡುಗೆಕಟ್ಟೆಯ ಮೇಲೆ ಆ ಶನಿವಾರ ಬೆಳಿಗ್ಗೆ ಆರು ನಿಂಬೆಹಣ್ಣುಗಳನ್ನು ಸಾಲಾಗಿಟ್ಟು, ಏನೇನು ಕೆಡಬಹುದೆಂದು ಯೋಚಿಸುತ್ತ ನಿಂತಿದ್ದೆ. ಹಣ್ಣೊಂದು ಉರುಳಿ ಜೆಟ್ ಎಂಜಿನ್ನಿನ ಬಾಯಿಗೆ ಹೋಗಬಹುದು. ಊದುಬತ್ತಿಯ ಕಿಡಿ ಇಂಧನಕ್ಕೆ ತಾಗಿ, ವಿಮಾನಕ್ಕಿಂತ ಮೊದಲು ನಾವೇ ಮೇಲಕ್ಕೆ ಹೋಗಬಹುದು. ತೆಂಗಿನ ಚಿಪ್ಪು ಟೈರಿಗೆ ಚುಚ್ಚಬಹುದು. ಕುಂಕುಮವನ್ನು ಯಾರೋ ತುಕ್ಕೆಂದು ತಿಳಿದು ಉಜ್ಜಬಹುದು. ಮಳೆ ಬರಬಹುದು, ಇಂಗ್ಲೆಂಡಿನಲ್ಲಿ ಇದನ್ನು ಯಾರೂ ಚಿಂತೆಯೆಂದು ಎಣಿಸುವುದಿಲ್ಲ, ನಾನು ಎಣಿಸುತ್ತೇನೆ. ಜಿ.ಪಿ., ಅಂದರೆ ಬಡಾವಣೆಯ ಡಾಕ್ಟರ್, ಆಗಿ ವಾರವಿಡೀ ಊರವರ ಚಿಂತೆಗಳನ್ನು ಸಮಾಧಾನ ಮಾಡಿ ಮನೆಗೆ ಕಳಿಸುವ ನಾನು, ನನ್ನವುಗಳನ್ನು ಮಾತ್ರ ಒಳಗೆ ಕರೆದು, ಕೂರಿಸಿ, ಚಹಾ ಕೊಡುತ್ತೇನೆ.

ವಿಮಾನ ನನ್ನದಲ್ಲ, ಗಾಬರಿಯಾಗಬೇಡಿ. ನಮ್ಮ ಮನೆಗೆ ದೂರವಲ್ಲದ ಹಳೆಯ ಏರ್‌ಫೀಲ್ಡ್ ಒಂದರ ಹ್ಯಾಂಗರಿನಲ್ಲಿ ನಿಂತಿರುವ ಪುಟ್ಟ ಜೆಟ್ ಅದು. ಒಂದು ಕಾಲದಲ್ಲಿ ಸೇನೆಯ ಗಣ್ಯರ ವಾಹನ. ಮಂತ್ರಿಗಳು, ದಂಡನಾಯಕರು, ರಾಯಭಾರಿಗಳು ಅದರ ಕೆನೆಬಣ್ಣದ ಕುರ್ಚಿಗಳಲ್ಲಿ ಲೋಕದ ಭಾರ ಹೊತ್ತವರಂತೆ ಕೂತಿದ್ದಾರೆ. ಆ ಭಾರದ ಜೊತೆಗೆ ಅವರ ಭಾರವನ್ನೂ ಹೊತ್ತದ್ದು ಇದು. ಈಗ ಶನಿವಾರಗಳಂದು ನನ್ನಂಥ ಹವ್ಯಾಸಿಗಳಿಂದ ಮೈ ಒರೆಸಿಕೊಳ್ಳುತ್ತದೆ. ನಮ್ಮ ಮುಖಂಡ ಕೀತ್, ವಾಯುಸೇನೆಯಲ್ಲಿದ್ದಾಗ ಇದೇ ವಿಮಾನವನ್ನು ನೋಡಿಕೊಂಡಿದ್ದವನು. "ಇವಳು ಹಾರಿದ್ದಕ್ಕಿಂತ ಕಾದದ್ದೇ ಹೆಚ್ಚು" ಎನ್ನುತ್ತಾನೆ. ದೊಡ್ಡವರ ಸಭೆ ಮುಗಿಯಲಿ, ಊಟ ಮುಗಿಯಲಿ, ಊಟದ ಮೇಲಿನ ಭಾಷಣ ಮುಗಿಯಲಿ ಎಂದು ಪರವೂರಿನ ರನ್‌ವೇ ಪಕ್ಕದಲ್ಲಿ ಆಯಸ್ಸು ಕಳೆದ ಜೀವ. ಕಾಯುವುದರಲ್ಲಿ ಇಷ್ಟು ನುರಿತವರನ್ನು ನಾನು ನನ್ನ ವೇಟಿಂಗ್ ರೂಮಿನಲ್ಲಿ ಮಾತ್ರ ಕಂಡಿದ್ದೇನೆ.

ಅಂದು ಅದರ ಎಂಜಿನ್ ಕೊನೆಯ ಸಲ ಉಸಿರಾಡಬೇಕಿತ್ತು. ಸುತ್ತ ಹೊಸ ಮನೆಗಳೆದ್ದಿದ್ದರಿಂದ ಆ ಸದ್ದಿಗೆ ಮಧ್ಯಾಹ್ನ ಹನ್ನೆರಡರವರೆಗೆ ಮಾತ್ರ ಅನುಮತಿ. ಮರುವಾರ ಎಂಜಿನ್ನುಗಳನ್ನು ಬಿಚ್ಚಿಬಿಡುತ್ತಾರೆ. ಕೀತ್ ಕೆಲವು ದಿನಗಳಿಂದ ತಮಾಷೆ ಮಾಡುವುದನ್ನು ಬಿಟ್ಟಿದ್ದ. ಅವನ ಲೆಕ್ಕದಲ್ಲಿ ಅದು ಅಳು. ಅಂದೇ ಆಯುಧಪೂಜೆಯೂ ಬಿದ್ದದ್ದನ್ನು ನನ್ನ ಹೆಂಡತಿ ಶೈಲಜ ಗಮನಿಸಿದಳು.

"ಕಾರಿಗೆ ಮಾಡ್ತೀವಿ, ಲಾನ್‌ಮೂವರ್‌ಗೂ ಮಾಡ್ತೀವಿ. ನಿಮ್ಮ ಶನಿವಾರದವಳಿಗೆ ಬೇಡ್ವೇನ್ರೀ?"

ಕೀತ್ ಒಪ್ಪಿದ, ಆದರೆ ಕರಾರು ಹಾಕಿದ. ಜೆಟ್ ಎಂಜಿನ್ ಎದುರಿಗೆ ಸಿಕ್ಕಿದ್ದನ್ನೆಲ್ಲ ಒಳಗೆಳೆದುಕೊಳ್ಳುತ್ತದೆ. ಆದ್ದರಿಂದ ವಿಮಾನದ ಬಳಿಗೆ ಏನೇ ಬಂದರೂ ಎಣಿಸಿ ಬರಬೇಕು, ಎಣಿಸಿ ಹೋಗಬೇಕು. ಅಕ್ಷತೆ ಎಂದೆ. "ಕಾಳು ನೀನೇ ಎಣಿಸ್ತೀಯಾ, ಡಾಕ್ಟರ್?" ಎಂದ. ಹೂವಿನೆಸಳು, ತೆಂಗಿನಕಾಯಿ ಬೇಡ. ಊದುಬತ್ತಿ ಎಂದಾಗ ಇಂಧನದ ಟ್ಯಾಂಕಿನತ್ತ ಬೆರಳು ತೋರಿಸಿದ. ಉಳಿದದ್ದು ಮುಂದಿನ ಚಕ್ರಗಳಿಗೆ ಒಂದೊಂದು ಕುಂಕುಮದ ಬೊಟ್ಟು, ಚಕ್ರಕ್ಕೊಂದರಂತೆ ಆರು ನಿಂಬೆಹಣ್ಣು. ಹ್ಯಾಂಗರಿನಲ್ಲಿ ಅವನ ಮೇಜಿನ ಮೇಲೆ ಪ್ರತಿ ಸ್ಪ್ಯಾನರಿಗೂ ಅದರದೇ ಆಕಾರದ ಗೆರೆ ಬರೆದಿರುತ್ತದೆ, ಒಂದಿಲ್ಲದಿದ್ದರೂ ಕಣ್ಣಿಗೆ ರಾಚಲಿ ಎಂದು. ಅವುಗಳ ಪಕ್ಕದಲ್ಲಿ ಸೀಮೆಸುಣ್ಣದಿಂದ ಆರು ಸೊನ್ನೆ ಸುತ್ತಿದ. "ಆರು ಹೋಗುತ್ತೆ, ಆರು ಬರಬೇಕು. ಅಪ್ಪಚ್ಚಿಯಾಗಿ ಬಂದರೂ ಸರಿ."

ಶೈಲಜ ಮುಂದಿನ ಎರಡು ಚಕ್ರಗಳಡಿ ಹಣ್ಣು ಇಟ್ಟಳು, ಹಿಂದಿನ ನಾಲ್ಕು ನನ್ನ ಪಾಲಿಗೆ. ಟ್ರ್ಯಾಕ್ಟರ್ ವಿಮಾನವನ್ನು ಮೆಲ್ಲಗೆ ಹೊರಗೆಳೆಯಿತು. ಹ್ಯಾಂಗರಿನ ತುಂಬ ನಿಂಬೆಯ ಘಮ. ಕೀತ್ ಸಿಪ್ಪೆಗಳನ್ನು ಬಳಿದು ತಂದು ಸೊನ್ನೆಗಳಲ್ಲಿ ತುಂಬಿದ. ಐದು ತುಂಬಿದವು.

"ಆರನೆಯದು ಸಿಗದೆ ಎಂಜಿನ್ ಇಲ್ಲ," ಎಂದ. ಗಡಿಯಾರದತ್ತ ಒಮ್ಮೆ ನೋಡಿದವನು ಮತ್ತೆ ನೋಡಲಿಲ್ಲ. ನೆಲಕ್ಕೆ ಬಿದ್ದು ಟೈರಿನ ಸಂದುಗಳಿಗೆ, ಆಮೇಲೆ ಎಂಜಿನ್ನಿನ ಬಾಯೊಳಗೆ ಟಾರ್ಚ್ ಬಿಟ್ಟ. ಶೈಲಜ ಹುಲ್ಲು ಕೆದಕಿದಳು. ನಾನು ಒಂದೇ ಜಾಗವನ್ನು ಮತ್ತೆ ಮತ್ತೆ ನೋಡುತ್ತ, ಒಬ್ಬ ಮುದುಕನ ಕೊನೆಯ ಆಸೆಯನ್ನು ನಮ್ಮ ಸಂಪ್ರದಾಯ ನುಂಗಿತಲ್ಲ ಎಂದು ಬೆವರುತ್ತಿದ್ದೆ.

"ರೀ," ಎಂದಳು ಶೈಲಜ, "ಆವಾಗಿಂದ ಅದೇನು ಮೂಸ್ತಾ ಇದೀರಾ?"

ಚಿಕ್ಕಂದಿನಲ್ಲಿ ಬಸ್ಸು ಹತ್ತಿದೊಡನೆ ವಾಂತಿ ಮಾಡುತ್ತಿದ್ದ ನನ್ನ ಕೈಗೆ ಅಮ್ಮ ಒಂದು ನಿಂಬೆಹಣ್ಣು ಕೊಟ್ಟು "ಮೂಸ್ತಾ ಇರು" ಎನ್ನುತ್ತಿದ್ದಳು. ಅಂದು ರನ್‌ವೇ ಕೊನೆಯವರೆಗೆ ಒಳಗೆ ಕೂರಿಸಿಕೊಂಡು ಹೋಗುತ್ತೇನೆಂದು ಕೀತ್ ಮಾತು ಕೊಟ್ಟಿದ್ದ. ಕೊನೆಯ ಚಕ್ರದ ಬಳಿ ಬಗ್ಗಿದಾಗ ಅದು ನೆನಪಾಗಿರಬೇಕು. ಕೈ ನನ್ನನ್ನು ಕೇಳದೆ ತನ್ನ ವ್ಯವಸ್ಥೆ ತಾನು ಮಾಡಿಕೊಂಡಿತ್ತು.

ಕೀತ್ ಗ್ರೀಸಿನ ಕೈ ಚಾಚಿದ. ಹಣ್ಣನ್ನು ಆರನೆಯ ಸೊನ್ನೆಯಲ್ಲಿ ಕೂರಿಸಿ, ಎಷ್ಟೋ ದಿನಗಳ ಮೇಲೆ ನಕ್ಕ. ಹನ್ನೆರಡಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು.

ಎಂಜಿನ್ ಮೊದಲು ಸಿಳ್ಳೆ ಹಾಕಿ, ಆಮೇಲೆ ಗರ್ಜಿಸಿತು. ಕಾಕ್‌ಪಿಟ್ಟಿನಲ್ಲಿ ಕೀತ್ ಆ ಸದ್ದು ಕೇಳಲೆಂದು ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿಕೊಂಡದ್ದು ಹಿಂದೆ ಕೂತ ನನಗೆ ಕಂಡಿತು. ಜೀವಮಾನವೆಲ್ಲ ಯಾರಿಗಾಗಿಯೋ ಕಾದ ವಿಮಾನ ಅಂದು ಯಾವ ಸಭೆಗೂ ಅಲ್ಲದೆ, ಯಾರ ಊಟಕ್ಕೂ ಅಲ್ಲದೆ, ತನ್ನಷ್ಟಕ್ಕೆ ತಾನು ರನ್‌ವೇ ತುದಿಯವರೆಗೆ ಹೋಗಿ ಬಂತು.

ಆ ಆರನೆಯ ಹಣ್ಣು ಈಗ ನಮ್ಮ ಅಡುಗೆಕಟ್ಟೆಯ ಮೇಲಿದೆ, ಕೀತನ ಹೆಬ್ಬೆರಳ ಕಪ್ಪು ಗುರುತಿನೊಂದಿಗೆ. ಶೈಲಜ ಅದನ್ನು ಚಿತ್ರಾನ್ನಕ್ಕೆ ಹಿಂಡುವುದಿಲ್ಲ, ನಾನು ಎಸೆಯುವುದಿಲ್ಲ. ಅದನ್ನು ಕಂಡಾಗಲೆಲ್ಲ, ನಾನು ಹೆದರಿದ್ದ ಯಾವುದೂ ಅಂದು ನಡೆಯಲಿಲ್ಲವೆಂಬುದು ನೆನಪಾಗುತ್ತದೆ. ಬೆಂಕಿ ಹತ್ತಲಿಲ್ಲ, ಟೈರು ಒಡೆಯಲಿಲ್ಲ, ಮಳೆ ಕೂಡ ಬರಲಿಲ್ಲ. ನಡೆದದ್ದು ಒಂದೇ: ಮಂತ್ರಿಗಳು ಕೂರುತ್ತಿದ್ದ ಕುರ್ಚಿಯಲ್ಲಿ, ನೆಲ ಬಿಡದ ವಿಮಾನದಲ್ಲಿ, ಮನುಷ್ಯ ನಡೆಯುವಷ್ಟು ವೇಗದಲ್ಲಿ, ಕೈಯಲ್ಲಿ ನಿಂಬೆಹಣ್ಣಿಲ್ಲದೆ, ನಾನು ನನ್ನ ಉಣ್ಣೆಯ ಟೋಪಿಯೊಳಗೆ ವಾಂತಿ ಮಾಡಿಕೊಂಡೆ. ವಿಮಾನ ನಿಂತ ಮೇಲೆ ಅದನ್ನು ಸೀಟಿನ ಕೆಳಗೆ ಮೆಲ್ಲಗೆ ಸರಿಸುತ್ತಿದ್ದಾಗ ಕೀತ್ ಬಾಗಿಲಲ್ಲಿ ನಿಂತಿದ್ದ.

"ಟೋಪಿ ಒಂದು ಒಳಗೆ ಬಂದಿತ್ತಲ್ಲ, ಡಾಕ್ಟರ್," ಎಂದ. "ಒಂದು ಹೊರಗೆ ಹೋಗಬೇಕು."