ಮೂರು ವರ್ಷ ಮೊದಲೇ ಹಂಚಿದ ಪೇಡ

ರಸೆಲ್ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಸಂಜೀವಪ್ಪನ ಮೊಳವೆಂದರೆ ಮೊಳ. ಗಿರಾಕಿ ಆಚೆ ನೋಡುತ್ತಿದ್ದರೂ ಒಂದು ಬೆರಳಷ್ಟು ಕಡಿಮೆ ಅಳೆದವನಲ್ಲ. ಅಂಥವನ ಮಗ ಸೂರ್ಯ, ಇಂಜಿನಿಯರಿಂಗ್ ಮೊದಲ ವರ್ಷದ ಗಣಿತದಲ್ಲಿ ಡುಮ್ಕಿ ಹೊಡೆದ ದಿನ, ಮನೆಯಲ್ಲಿ ಎಲ್ಲ ಪಾಸಾಯಿತು ಎಂದುಬಿಟ್ಟ. ಅಪ್ಪ ಮಾರನೆಯ ಬೆಳಿಗ್ಗೆಯೇ ಸಾಲಿನುದ್ದಕ್ಕೂ ಪೇಡ ಹಂಚಿದ. ಮಕ್ಕಳು ಪಾಸಾದರೆ ಹಂಚುವುದು ಅಲ್ಲಿನ ರೂಢಿ. ತಿಂದವರು ಅದನ್ನು ಮರೆಯುವುದೂ ಇಲ್ಲ.

ಮುಂದಿನ ಸಲ ಬರೆದು ಪಾಸು ಮಾಡಿದರಾಯಿತು, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡಿದ್ದ ಮಹಾರಾಯ. ಮುಂದಿನ ಸಲವೂ ಆಗಲಿಲ್ಲ. ಎರಡನೆಯ ವರ್ಷ ಹೇಗೋ ದಾಟಿತು. ಆದರೆ ಮೊದಲ ವರ್ಷದ್ದೆಲ್ಲ ಪಾಸಾಗದೆ ಮೂರನೆಯ ವರ್ಷಕ್ಕೆ ಸೇರಿಸಿಕೊಳ್ಳುವುದಿಲ್ಲ. ಜೊತೆಯವರು ಮುಂದೆ ಹೋದರು, ಇವನಿಗೆ ಇಯರ್ ಬ್ಯಾಕ್. ಕೆ.ಆರ್. ಪುರದ ಮನೆಯಿಂದ ದಿನಾ ಬ್ಯಾಗು ಹೆಗಲಿಗೇರಿಸಿ ಹೊರಟು, ಹಲಸೂರು ಕೆರೆಯ ಹತ್ತಿರ ಬೆಂಚಿನ ಮೇಲೆ ಕೂತು, ಅಮ್ಮ ರಾಮಲಕ್ಷ್ಮಮ್ಮ ಕಟ್ಟಿಕೊಟ್ಟ ಚಿತ್ರಾನ್ನ ತಿಂದು, ಕಾಲೇಜು ಬಿಡುವ ಹೊತ್ತಿಗೆ ವಾಪಸು ಬರುತ್ತಿದ್ದ. ಹೀಗೆ ಇಡೀ ಒಂದು ವರ್ಷ. ಥೂ ಎನ್ನಬೇಕು, ಆದರೆ ಅದನ್ನು ಅವನೇ ತನಗೆ ದಿನಾ ಅಂದುಕೊಳ್ಳುತ್ತಿದ್ದ.

ಮರುವರ್ಷ ಅವನನ್ನು ದಾರಿಗೆ ತಂದವಳು ಪುಲಿಕೇಶಿನಗರದ ಮಹೀನ್, ಅವನ ಜೂನಿಯರ್. ಕಾಲೇಜಿನ ಲೈಬ್ರರಿಯಲ್ಲಿ ಕೂರಿಸಿಕೊಂಡು ದಿನಕ್ಕೆ ಐದು ಲೆಕ್ಕ ಮಾಡಿಸಿದಳು. ತಪ್ಪಿದರೆ ಮತ್ತೆ ಮೊದಲಿನಿಂದ. ತನಗಿಂತ ಚಿಕ್ಕವಳ ಮುಂದೆ ತಲೆ ತಗ್ಗಿಸಿ ಕೂರುವ ಅವಮಾನವನ್ನು ಸೂರ್ಯ ನುಂಗಿಕೊಂಡ. ಕೊನೆಗೆ ಫಲಿತಾಂಶ ಬಂತು, ಗಣಿತದಲ್ಲಿ ಅರವತ್ತೆಂಟು. ಮೊಬೈಲು ಹಿಡಿದುಕೊಂಡೇ ಅತ್ತುಬಿಟ್ಟ.

"ಮೊದ್ಲು ಮನೇಲಿ ಹೇಳಿ," ಎಂದಳು ಮಹೀನ್.

ಮನೆಯಲ್ಲಿ ಏನೆಂದು ಹೇಳುವುದು? ಅಪ್ಪನ ಪಾಲಿಗೆ ಆ ಪರೀಕ್ಷೆ ಮೂರು ವರ್ಷದ ಹಿಂದೆಯೇ ಪಾಸಾಗಿತ್ತು, ನಾಲ್ಕು ವರ್ಷದ ಓದೂ ಈಗ ಮುಗಿದಿತ್ತು. ಮಗ ಇಂಜಿನಿಯರ್ ಆದನೆಂಬ ಧೈರ್ಯದ ಮೇಲೆ, ಮಂಡಿನೋವಿನ ಸಂಜೀವಪ್ಪ ಹಿಂದಿನ ತಿಂಗಳೇ ತಾನು ಹೂ ಮಾರುವ ಕಟ್ಟೆಯನ್ನು ಪಕ್ಕದ ಕಟ್ಟೆಯ ಅಮೃತಮ್ಮನಿಗೆ ಬಿಟ್ಟುಕೊಟ್ಟಿದ್ದ. ಆ ಸಾಲಿನಲ್ಲಿ ಒಮ್ಮೆ ಬಿಟ್ಟ ಜಾಗವನ್ನು ಮತ್ತೆ ಕೇಳುವಂತಿಲ್ಲ. ಅಂದಾದರೂ ಸೂರ್ಯ ಬಾಯಿಬಿಡಬಹುದಿತ್ತು. ಫಲಿತಾಂಶ ಬರಲಿ ಎಂದು ಸುಮ್ಮನಿದ್ದ, ಹೇಡಿ.

ಆ ಸಂಜೆ ಎಲ್ಲ ಹೇಳಿದ. ಓದು ಇನ್ನೂ ಎರಡು ವರ್ಷ ಇದೆಯೆಂದೂ ಹೇಳಿದ. ಸಂಜೀವಪ್ಪ ಬೈಯಲಿಲ್ಲ, ಕೈ ಎತ್ತಲಿಲ್ಲ. ಒಂದೇ ಮಾತು ಕೇಳಿದ.

"ಅಂದ್ರೆ ಆವತ್ತು ನಾನು ಪೇಡ ಹಂಚಿದ್ದು ಯಾವ್ದಕ್ಕೆ?"

ರಾಮಲಕ್ಷ್ಮಮ್ಮ ತಟ್ಟೆ ಹಾಕಿದಳು. ಯಾರೂ ಊಟಕ್ಕೆ ಏಳಲಿಲ್ಲ.

ಮೂರನೆಯ ವರ್ಷದ ಕ್ಲಾಸು ಶುರುವಾದ ದಿನ, ಅಪ್ಪ ಮರೆತುಹೋಗಿದ್ದ ಊಟದ ಡಬ್ಬಿ ಕೊಡಲು ಸೂರ್ಯ ಮಾರುಕಟ್ಟೆಗೆ ಹೋದ. ಸಂಜೀವಪ್ಪ ಈಗ ಅಮೃತಮ್ಮನ ಹತ್ತಿರ ಕೂಲಿಗೆ ಹೂ ಕಟ್ಟುತ್ತಿದ್ದ. ತನ್ನದೇ ಕಟ್ಟೆಯ ಕೆಳಗೆ, ಗೋಣಿಚೀಲದ ಮೇಲೆ, ನೋಯುವ ಕಾಲು ಚಾಚಿಕೊಂಡು ಕೂತಿದ್ದ. ಅಷ್ಟರಲ್ಲಿ ಎದುರು ಕಟ್ಟೆಯ ಯಶೋದಮ್ಮ ಸೂರ್ಯನನ್ನು ಕಂಡು, ಮಗನಿಗೆ ಕೆಲಸ ಸಿಕ್ಕಿತೇ ಎಂದು ಕೂಗಿ ಕೇಳಿದಳು.

ಸಂಜೀವಪ್ಪನ ಕೈ ನಿಂತಿತು. ಸೂರ್ಯ ನಿಜ ಹೇಳೋಣವೆಂದು ಬಾಯಿ ತೆರೆದ.

"ಸಿಕ್ತಮ್ಮ, ದೊಡ್ಡ ಕಂಪ್ನೀಲಿ," ಎಂದ ಸಂಜೀವಪ್ಪ. ಮಗನಿಗೆ ಬಂದಷ್ಟು ಸಲೀಸಾಗಿ ಬರಲಿಲ್ಲ ಆ ಸುಳ್ಳು. ಮತ್ತೆ ನೀನ್ಯಾಕೆ ಇಲ್ಲಿ ಕೂತಿದ್ದೀಯ ಎಂದು ಅವಳು ಕೇಳಿದ್ದಕ್ಕೆ, ಮನೆಯಲ್ಲಿ ಹೊತ್ತು ಹೋಗುವುದಿಲ್ಲ ಎಂದ.

"ಹಂಗಾದ್ರೆ ಪೇಡ ಎಲ್ಲಪ್ಪ?"

"ನಾಳೆ ತತ್ತೀನಿ," ಎಂದ ಸಂಜೀವಪ್ಪ, ಮಗನ ಮುಖ ನೋಡದೆ.